ಸೂಜಿಯ ಕಣ್ಣೂ ಒಂಟೆಯೂ

ಒಂಟೆಯು ಸೂಜಿಯ ಕಣ್ಣಿನಲ್ಲಿ ತೂರಿದರೂ ತೂರೀತು, ಧನಿಕನು ದೇವರ ರಾಜ್ಯವನ್ನು ಸೇರುವುದು ಅದಕ್ಕಿಂತ ಕಷ್ಟ—ಈ ಅರ್ಥದ ಯೇಸುಕ್ರಿಸ್ತನ ಮಾತು ಮತ್ತಾಯ, ಮಾರ್ಕ, ಲೂಕ ಈ ಮೂವರ ಸುವಾರ್ತೆಗಳಲ್ಲಿಯೂ ಬಂದಿದೆ. ಉಳ್ಳವರ ಕಿವಿಗೆ ಇದು ಹಿತವಾದ ಮಾತಲ್ಲ. ಆದುದರಿಂದಲೋ ಏನೋ, ಇದರ ಮೊನೆಯನ್ನು ಮೊಂಡುಮಾಡುವ ಪ್ರಯತ್ನಗಳು ಬಹುಕಾಲದಿಂದ ನಡೆದುಬಂದಿವೆ.

ಅವುಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಬಾಗಿಲಿನ ಕಥೆ. ಯೆರೂಸಲೇಮಿನ ಕೋಟೆಗೆ ‘ಸೂಜಿಯ ಕಣ್ಣು’ ಎಂಬ ದಿಡ್ಡಿಬಾಗಿಲೊಂದಿತ್ತಂತೆ. ಹೊರೆಯಿಳಿಸಿ ಮೊಣಕಾಲೂರಿದರೆ ಒಂಟೆ ಅದರೊಳಗೆ ಹೇಗೋ ನುಸುಳುತ್ತಿತ್ತಂತೆ. ಕೇಳುವುದಕ್ಕೇನೋ ಸೊಗಸಾಗಿದೆ. ಆದರೆ ಯೇಸುವಿನ ಕಾಲದಲ್ಲಿ ಅಂಥ ಹೆಸರಿನ ಬಾಗಿಲಿತ್ತೆನ್ನಲು ಆಧಾರವಿಲ್ಲ. ಮೇಲಾಗಿ, ಸೂಜಿಗೆ ಮಾರ್ಕನು ಬಳಸಿರುವ ಗ್ರೀಕ್ ಪದ ಒಂದು, ಲೂಕನು ಬಳಸಿರುವುದು ಮತ್ತೊಂದು. ಬಾಗಿಲಿನ ಹೆಸರಾಗಿದ್ದರೆ ಹೀಗೆ ಬದಲಾಗುತ್ತಿತ್ತೆ?

ಇನ್ನು ಕೆಲವರು ಅದು ಒಂಟೆಯೇ ಅಲ್ಲ, ಹಗ್ಗವೆಂದರು. ಗ್ರೀಕಿನಲ್ಲಿ ಒಂಟೆಗೆ ‘ಕಾಮೆಲೊಸ್’, ಹಡಗಿನ ಹಗ್ಗಕ್ಕೆ ‘ಕಾಮಿಲೊಸ್’. 5ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಸಿರಿಲನು ಹಗ್ಗದ ಅರ್ಥವನ್ನೇ ಹಿಡಿದನು. ಪ್ರಾಚೀನವಾದ ಮುಖ್ಯ ಹಸ್ತಪ್ರತಿಗಳಲ್ಲಿರುವುದಾದರೋ ಒಂಟೆಯೇ. ಹಗ್ಗವೆಂದೇ ಇಟ್ಟುಕೊಂಡರೂ ಬಂದ ಲಾಭವೇನು? ಹಡಗಿನ ಹಗ್ಗವನ್ನು ಸೂಜಿಗೆ ಪೋಣಿಸಿದವರುಂಟೆ!

ಅತಿಶಯೋಕ್ತಿ ಯೇಸುವಿನ ಮಾತಿನ ಸಹಜ ರೀತಿ. ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುವವರನ್ನೂ, ತನ್ನ ಕಣ್ಣಿನಲ್ಲಿ ತೊಲೆಯಿಟ್ಟುಕೊಂಡು ಪರರ ಕಣ್ಣಿನ ರವೆಯನ್ನು ಹುಡುಕುವವನನ್ನೂ ಕಾಣಿಸಿದವನು ಅವನೇ. ಮುಂದೆ ಬಾಬಿಲೋನಿನ ಯೆಹೂದ್ಯರ ತಾಲ್ಮುದ್ ಗ್ರಂಥದಲ್ಲಿ ಸೂಜಿಯ ಕಣ್ಣಿನಲ್ಲಿ ತೂರುವ ಆನೆ ಬರುತ್ತದೆ. ಅಲ್ಲಿಯೂ ಅದು ಅಸಾಧ್ಯವೆಂಬುದಕ್ಕೇ ದೃಷ್ಟಾಂತ. ಕುರಾನಿನ 7ನೆಯ ಅಧ್ಯಾಯದಲ್ಲಿಯೂ ಈ ಒಂಟೆ ಸೂಜಿಗಳ ಹೋಲಿಕೆಯುಂಟು.

ಸಂದರ್ಭವನ್ನು ನೋಡಿದರೆ ಸಂದೇಹ ಉಳಿಯುವುದಿಲ್ಲ. ನಿತ್ಯಜೀವವನ್ನು ಪಡೆಯುವ ಬಗೆಯನ್ನು ಕೇಳಲು ಬಂದ ಧನಿಕನೊಬ್ಬನು, ಆಸ್ತಿಯನ್ನು ಮಾರಿ ಬಡವರಿಗೆ ಕೊಡೆಂಬ ಉತ್ತರದಿಂದ ಮುಖ ಬಾಡಿಸಿಕೊಂಡು ಹಿಂದಿರುಗಿದನು. ಆಗ ಬಂದ ಮಾತಿದು. ಶಿಷ್ಯರು ಬೆರಗಾದರು. ಐಶ್ವರ್ಯವು ದೇವರ ಅನುಗ್ರಹದ ಗುರುತೆಂದು ತಿಳಿದಿದ್ದ ಸಮಾಜವದು. ಧನಿಕನಿಗೇ ಇಲ್ಲದ ಗತಿ ಇನ್ನಾರಿಗೆ? ಮನುಷ್ಯರಿಂದ ಆಗದುದು ದೇವರಿಂದ ಆಗುತ್ತದೆ ಎಂದನು ಯೇಸು. ಒಂಟೆ ಮೊಣಕಾಲೂರಿ ದಾಟಬಹುದಾಗಿದ್ದರೆ ಶಿಷ್ಯರ ಬೆರಗಿಗೂ ಈ ಉತ್ತರಕ್ಕೂ ಅರ್ಥವೇ ಇರುತ್ತಿರಲಿಲ್ಲ.

ಹಾಗಾದರೆ ಎಲ್ಲರೂ ಎಲ್ಲವನ್ನೂ ಮಾರಬೇಕೆ? ಅಲೆಕ್ಸಾಂಡ್ರಿಯದ ಕ್ಲೆಮೆಂಟನು ಸುಮಾರು 200ರ ವೇಳೆಗೆ ಈ ಪ್ರಶ್ನೆಗಾಗಿಯೇ ಒಂದು ಪ್ರಬಂಧ ಬರೆದು, ಬಿಡಬೇಕಾದುದು ಧನದ ಮೋಹವನ್ನು ಎಂದನು. ಅನುಕೂಲವಂತರಿಗೆ ಒಪ್ಪಿಗೆಯಾಗುವ ಮಾತು. ಅಷ್ಟಕ್ಕೇ ನಿಂತರೆ ಬಡವನ ಪಾಲಿಗೆ ಏನೂ ಬರುವುದಿಲ್ಲ. ಲೂಕನ ಮುಂದಿನ ಅಧ್ಯಾಯವೇ ಹೆಚ್ಚು ಬೆಳಕು ಕೊಡುತ್ತದೆಂದು ತೋರುತ್ತದೆ. ಅಲ್ಲಿ ಯೆರಿಕೋ ಪಟ್ಟಣದ ಸಿರಿವಂತ ಸುಂಕದ ಅಧಿಕಾರಿ ಜಕ್ಕಾಯನು, ಯೇಸು ತನ್ನ ಮನೆಗೆ ಬಂದಾಗ, ಆಸ್ತಿಯ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡುದಿದ್ದರೆ ಅದರ ನಾಲ್ಕರಷ್ಟು ಕಳೆದುಕೊಂಡವರಿಗೆ ಎಂದು ಎದ್ದುನಿಂತು ಹೇಳುತ್ತಾನೆ. ಈ ಮನೆಗೆ ಈ ದಿನ ರಕ್ಷಣೆಯಾಯಿತೆಂದು ಯೇಸು ಸಾರುತ್ತಾನೆ. ಉಳಿದರ್ಧದ ಲೆಕ್ಕ ಕೇಳುವುದಿಲ್ಲ.