ಹನ್ನೆರಡು ವರ್ಷದ ಕಾಲ್ಚೆಂಡಿನ ಫಸಲು

ಅಡಿಕೆ ಗೊನೆ ಇಳಿಸುವ ಕಾಲದಲ್ಲಿ ಆಳುಗಳನ್ನು ತೋಟದಲ್ಲಿ ಬಿಟ್ಟು, ಕುಣಿಗಲಿನಿಂದ ಬೆಂಗಳೂರಿಗೆ ಆಟ ನೋಡಲು ಹೊರಟವನನ್ನು ಊರವರು ಏನೆಂದಾರು? ಅಂದದ್ದನ್ನು ಇಲ್ಲಿ ಬರೆಯುವುದು ಬೇಡ. 2016ರ ಅಕ್ಟೋಬರ್ 19, ಬುಧವಾರ. ನನ್ನ ತಂಗಿಯ ಮಗ ಮಧ್ಯಾಹ್ನವೇ ಬಂದು ಅಂಗಳದಲ್ಲಿ ನಿಂತಿದ್ದ. "ಮಾವ, ಇವತ್ತು ಬರಲಿಲ್ಲ ಅಂದ್ರೆ ಇನ್ನು ಯಾವತ್ತೂ ಕರೆಯಲ್ಲ ನಿಮ್ಮನ್ನ" ಎಂದ. ಅವನ ಮಾತಿನ ಧಾಟಿಗೆ ಹೆದರಿ, ಬೇಯಿಸುವ ಹಂಡೆಯ ಉಸ್ತುವಾರಿಯನ್ನು ಮನೆಯಾಕೆಗೆ ವಹಿಸಿ ಬಸ್ಸು ಹತ್ತಿದೆ. ಎಪ್ಪತ್ತು ಕಿಲೋಮೀಟರು ದಾರಿ. ಮೆಜೆಸ್ಟಿಕ್ಕಿನಲ್ಲಿ ಇಳಿದು ಕಬ್ಬನ್ ಪಾರ್ಕಿನವರೆಗೆ ಆ ವರ್ಷವೇ ಶುರುವಾಗಿದ್ದ ನೆಲದಡಿಯ ಮೆಟ್ರೋ ರೈಲು. ಅದನ್ನೂ ನಾನು ಅಂದೇ ಮೊದಲು ಹತ್ತಿದ್ದು.

ಕಂಠೀರವ ಕ್ರೀಡಾಂಗಣ ತುಂಬಿ ತುಳುಕುತ್ತಿತ್ತು. ಆಡುತ್ತಿದ್ದವರು ನಮ್ಮ ಬೆಂಗಳೂರು ಎಫ್‌ಸಿ ಮತ್ತು ಮಲೇಷ್ಯಾದ ಜೋಹೋರ್ ದಾರುಲ್ ತಾಜಿಮ್. ಏಷ್ಯಾದ ಎಎಫ್‌ಸಿ ಕಪ್ಪಿನ ಸೆಮಿಫೈನಲ್ಲಿನ ಎರಡನೇ ಸುತ್ತು. ಜೋಹೋರ್ ತಂಡದ ಒಡೆಯರು ಅಲ್ಲಿನ ಯುವರಾಜರು, ಹಿಂದಿನ ವರ್ಷ ಕಪ್ಪು ಗೆದ್ದವರೂ ಅವರೇ. ಅವರ ಊರಿನಲ್ಲಿ ನಡೆದ ಮೊದಲ ಪಂದ್ಯ 1-1ರಲ್ಲಿ ಸಮವಾಗಿತ್ತು. ಇಲ್ಲಿಯೂ ಮೊದಲ ಗೋಲು ಹೊಡೆದದ್ದು ಅತಿಥಿಗಳೇ. ಅಳಿಯನ ಮುಖ ಬಾಡಿತು. ವಿರಾಮಕ್ಕೆ ಮುಂಚೆ ಮೂಲೆಯಿಂದ ಬಂದ ಚೆಂಡಿಗೆ ನಾಯಕ ಸುನಿಲ್ ಛೆಟ್ರಿ ತಲೆ ಕೊಟ್ಟ, ಸಮ. ವಿರಾಮದ ನಂತರ ಅವನೇ ದೂರದಿಂದ ಒದ್ದ ಚೆಂಡು ಗೋಲಿಯ ಕೈಗೆ ಸಿಗದೆ ಬಲೆ ಸೇರಿತು. ಸ್ಪೇನಿನ ಹುವಾನನ್ ಮೂರನೆಯದನ್ನು ಹಾಕಿದ. 3-1. ಭಾರತದ ಯಾವ ಕ್ಲಬ್ಬೂ ಅದುವರೆಗೆ ಆ ಕಪ್ಪಿನ ಫೈನಲ್ಲು ಕಂಡಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಗುರುತಿಲ್ಲದ ಮನುಷ್ಯನೊಬ್ಬ ನನ್ನನ್ನು ಅಪ್ಪಿಕೊಂಡುಬಿಟ್ಟ. ರಾತ್ರಿ ಮನೆ ಸೇರಿದಾಗ ಒಂದು ಗಂಟೆ ದಾಟಿತ್ತು. ಹಂಡೆಯ ಅಡಿಕೆ ಕೊಂಚ ಹೆಚ್ಚೇ ಬೆಂದಿತ್ತು.

ಈಗ ಇಷ್ಟು ವರ್ಷದ ಮೇಲೆ ಈ ಕಥೆ ಬೆಳೆಗಾರ ಬಂಧುಗಳಿಗೆ ಏಕೆ ಎಂದರೆ, ಆ ಕ್ಲಬ್ಬಿನ ಏಳಿಗೆಯಲ್ಲಿಯೂ ಆಮೇಲಿನ ಸಂಕಟದಲ್ಲಿಯೂ ನಮಗೆ ಪರಿಚಿತವಾದ ಕೆಲವು ಸಂಗತಿಗಳಿವೆ.

ಬೆಂಗಳೂರಿಗೆ ಕಾಲ್ಚೆಂಡು ಹೊಸದೇನಲ್ಲ. ಬ್ರಿಟಿಷ್ ದಂಡಿನ ತಂಡಗಳೇ ಮೆರೆಯುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದು ತಂದದ್ದು ಬೆಂಗಳೂರು ಮುಸ್ಲಿಮ್ಸ್ ಎಂಬ ನಮ್ಮ ಕ್ಲಬ್ಬು. ಮರುವರ್ಷ ಮತ್ತೆ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಪರವಾಗಿ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನರೂ ಬೆಂಗಳೂರಿನವರೇ. 1956ರಲ್ಲಿ ಮೆಲ್ಬರ್ನಿನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೆ ಬಂದಾಗ ಆ ತಂಡದಲ್ಲಿ ಕೆಂಪಯ್ಯ ಇದ್ದರು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು, ಕೊನೆಯದು 1968-69ರಲ್ಲಿ. ಆಮೇಲೆ ಐದನೆಯದಕ್ಕೆ ಕಾದದ್ದು ಐವತ್ತನಾಲ್ಕು ವರ್ಷ. 2023ರ ಮಾರ್ಚ್ 4ರಂದು ದೂರದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದನ್ನು ಮತ್ತೆ ಪಡೆಯಿತು.

ನಡುವಿನ ಕಾಲವನ್ನು ತೂಗಿಸಿದ್ದು ಕಾರ್ಖಾನೆಗಳು. ಐಟಿಐ, ಎಚ್‌ಎಎಲ್, ಬಿಇಎಂಎಲ್ ಇವೆಲ್ಲ ತಂಡ ಕಟ್ಟಿದವು. ಚೆನ್ನಾಗಿ ಆಡುವ ಹುಡುಗನಿಗೆ ಖಾಯಂ ನೌಕರಿ ಸಿಗುತ್ತಿತ್ತು. ಬೆಳಿಗ್ಗೆ ಹಾಜರಿ ಹಾಕಿ ಮಧ್ಯಾಹ್ನ ಅಭ್ಯಾಸಕ್ಕೆ ಹೋಗುತ್ತಿದ್ದ. ಹೊಟ್ಟೆಪಾಡಿನ ಮಟ್ಟಿಗೆ ಇದಕ್ಕಿಂತ ಭದ್ರವಾದ ವ್ಯವಸ್ಥೆ ಆಟಗಾರನಿಗೆ ಬೇರೆ ಇರಲಿಲ್ಲವೆಂದು ನನ್ನ ಅಭಿಪ್ರಾಯ. ಆದರೆ ಕಾರ್ಖಾನೆಗಳಲ್ಲಿ ನೇಮಕಾತಿ ಕಡಿಮೆಯಾದಂತೆ ತಂಡಗಳೂ ಸೊರಗಿದವು. ರಾಷ್ಟ್ರೀಯ ಐ-ಲೀಗಿನಲ್ಲಿ ಎಚ್‌ಎಎಲ್ ತಂಡ 2012ರವರೆಗೆ ಆಡಿ ಕೆಳಗಿಳಿಯಿತು. ಅಲ್ಲಿಗೆ ಮೇಲಿನ ದರ್ಜೆಯಲ್ಲಿ ಬೆಂಗಳೂರಿನ ಹೆಸರಿಲ್ಲವಾಯಿತು.

2013ರ ಜುಲೈ 20ರಂದು ಬೆಂಗಳೂರು ಎಫ್‌ಸಿ ಹುಟ್ಟಿತು. ಒಡೆಯರು ಜೆಎಸ್‌ಡಬ್ಲ್ಯೂ ಉಕ್ಕಿನ ಸಂಸ್ಥೆಯವರು. ಮುಚ್ಚುಮರೆ ಮಾಡದೆ ಹೇಳಬೇಕಾದ ಮಾತೊಂದಿದೆ. ಈ ಕ್ಲಬ್ಬು ಕೆಳಗಿನ ದರ್ಜೆಯಿಂದ ಒಂದೊಂದೇ ಮೆಟ್ಟಿಲು ಹತ್ತಿ ಬಂದದ್ದಲ್ಲ. ಫೆಡರೇಷನ್ನಿನವರು ಕರೆದಿದ್ದ ಬಿಡ್ಡಿನ ಮೂಲಕ ನೇರವಾಗಿ ಮೇಲಿನ ಲೀಗಿಗೇ ಬಂತು. ಬೀಜದ ಗೋಟು ನೆಟ್ಟು ಬೆಳೆಸಿದ ತೋಟಕ್ಕೂ, ಬೆಳೆದ ತೋಟವನ್ನೇ ಕ್ರಯಕ್ಕೆ ಕೊಂಡವನ ತೋಟಕ್ಕೂ ಇರುವ ವ್ಯತ್ಯಾಸ ಇಲ್ಲಿಯೂ ಉಂಟು. ಆದರೆ ಕೊಂಡ ತೋಟವನ್ನೂ ಸಾಕಲು ಬರಬೇಕಷ್ಟೆ. ಆ ಕೆಲಸವನ್ನು ಅವರು ಶ್ರದ್ಧೆಯಿಂದಲೇ ಮಾಡಿದರು.

ತರಬೇತುದಾರ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಎರಡು ತಿಂಗಳಲ್ಲಿ ಬರಿಯ ಹಾಳೆಯ ಮೇಲಿನಿಂದ ತಂಡ ಎದ್ದು ನಿಲ್ಲಬೇಕಿತ್ತು. ಬೇರೆ ಕ್ಲಬ್ಬುಗಳು ಬಿಟ್ಟ ಆಟಗಾರರು, ಹೊಸ ಹುಡುಗರು, ಹಿಂದಿನ ಸಾಲಿಗೆ ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ, ಮುಂದಾಳಾಗಿ ಛೆಟ್ರಿ. ಊಟ, ನಿದ್ದೆ, ಓಟ ಎಲ್ಲಕ್ಕೂ ಲೆಕ್ಕವಿಟ್ಟರಂತೆ. ಅಶೋಕನಗರದ ಹಳೆಯ ಫುಟ್‌ಬಾಲ್ ಮೈದಾನದಲ್ಲಿ ಸೆಪ್ಟೆಂಬರ್ 22ರಂದು ಮೊದಲ ಲೀಗ್ ಪಂದ್ಯ. ನೂರು ವರ್ಷ ದಾಟಿದ ಕಲ್ಕತ್ತೆಯ ಮೋಹನ್ ಬಾಗಾನಿನ ಎದುರು 1-1. ಆ ಮೈದಾನದ ಪಡುವಣ ಕಡೆ ನಿಂತು ಡೋಲು ಬಡಿಯುತ್ತಿದ್ದ ಹುಡುಗರೇ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂದು ಹೆಸರಿಟ್ಟುಕೊಂಡರು. 2014ರ ಏಪ್ರಿಲ್ 21ರಂದು ಗೋವೆಯಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿದಾಗ, ಹುಟ್ಟಿದ ಮೊದಲ ವರ್ಷದಲ್ಲಿಯೇ ಕ್ಲಬ್ಬು ದೇಶದ ಚಾಂಪಿಯನ್ ಆಯಿತು.

ಗೆಲುವಿಗಿಂತ ಒಂದು ಸೋಲು ನನ್ನ ಅಳಿಯನ ಮನಸ್ಸಿನಲ್ಲಿ ಹೆಚ್ಚು ಉಳಿದಿದೆ. ವಾಸ್ತವದಲ್ಲಿ ಸೋಲೂ ಅಲ್ಲ. 2015ರ ಮೇ 31, ಕಂಠೀರವದಲ್ಲಿ ಲೀಗಿನ ಕಡೆಯ ಪಂದ್ಯ. ಗೆದ್ದರೆ ಬೆಂಗಳೂರು ಚಾಂಪಿಯನ್, ಸಮವಾದರೆ ಮೋಹನ್ ಬಾಗಾನ್. ಜಾನ್ಸನ್ ಒಂದು ಗೋಲು ಹಾಕಿದ. ಇನ್ನು ಮೂರು ನಿಮಿಷ ಉಳಿದಿದೆ ಎನ್ನುವಾಗ, 87ನೆಯ ನಿಮಿಷದಲ್ಲಿ, ಬಾಗಾನಿನ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಒಳಗೆ ಹಾಕಿದ. ಅಳಿಯ ಅಂದು ರಾತ್ರಿ ಊಟ ಮಾಡಲಿಲ್ಲವೆಂದು ತಂಗಿ ಫೋನು ಮಾಡಿದ್ದಳು. ಕಣದಲ್ಲಿ ಹರಡಿದ ಅಡಿಕೆಗೆ ಕಡೆಯ ದಿನ ಮಳೆ ಬಿದ್ದವರಿಗೆ ಅದು ಅರ್ಥವಾದೀತು.

ಮರುವರ್ಷ 2016ರ ಏಪ್ರಿಲಿನಲ್ಲಿ ಲೀಗನ್ನು ಮತ್ತೆ ಗೆದ್ದರು. ಆ ವರ್ಷ ವೆಸ್ಟ್‌ವುಡ್ ಹೋಗಿ ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. ನಾನು ಕಂಡ ಆ ಸೆಮಿಫೈನಲ್ಲು ಅವರ ಕೈಕೆಳಗೆ ನಡೆದದ್ದು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದೇ ಗೋಲಿನಿಂದ ಸೋತರು. 2017ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರಿ, ಮೊದಲ ವರ್ಷ ಪಟ್ಟಿಯ ತುದಿಯಲ್ಲಿದ್ದೂ ಸ್ವಂತ ಅಂಗಳದ ಫೈನಲ್ಲಿನಲ್ಲಿ ಚೆನ್ನೈಯಿನ್‌ಗೆ 3-2ರಿಂದ ಸೋತು, ಮರುವರ್ಷ ಮುಂಬಯಿಯಲ್ಲಿ ಹೆಚ್ಚುವರಿ ಸಮಯದ 117ನೆಯ ನಿಮಿಷದಲ್ಲಿ ರಾಹುಲ್ ಭೆಕೆಯ ಗೋಲಿನಿಂದ ಗೋವಾವನ್ನು ಸೋಲಿಸಿ ಕಪ್ಪು ಹಿಡಿದರು. 1888ರಿಂದ ನಡೆದು ಬಂದ ಡ್ಯುರಾಂಡ್ ಕಪ್ಪೂ 2022ರಲ್ಲಿ ಬಂತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ ಹುಡುಗರನ್ನು ಇಟ್ಟುಕೊಂಡು ಕಲಿಸುವ ಶಾಲೆಯನ್ನೂ ಕಟ್ಟಿದರು. ಇದನ್ನು ನಾನು ಕಪ್ಪುಗಳಿಗಿಂತ ಮೇಲೆ ಇಡುತ್ತೇನೆ.

ಇನ್ನು ಸಂಕಟದ ಮಾತು. ನಮ್ಮ ಸೀಮೆಯಲ್ಲಿ ಚೇಣಿ ಕೊಡುವುದನ್ನು ವಿವರಿಸಬೇಕಾಗಿಲ್ಲ. ಫಸಲು ಮರದ ಮೇಲಿರುವಾಗಲೇ ವ್ಯಾಪಾರಿಗೆ ಇಡೀ ತೋಟ ಒಪ್ಪಿಸಿ, ಗೊತ್ತಾದ ಹಣ ಎಣಿಸಿಕೊಂಡು ಕೂರುತ್ತೇವೆ. ಕೊಯ್ಲಿನ ಕಷ್ಟ ಇಲ್ಲ, ಬೇಯಿಸುವ ಕಷ್ಟ ಇಲ್ಲ. ಅವನು ಮುಂದಿನ ವರ್ಷ ಬಾರದಿದ್ದರೆ ಮಾತ್ರ ನಮಗೆ ಹಂಡೆ ಎಲ್ಲಿದೆ, ಸುಲಿಯುವವರು ಯಾರು ಎಂಬುದೇ ಮರೆತುಹೋಗಿರುತ್ತದೆ. ಭಾರತದ ಫುಟ್‌ಬಾಲ್ ಫೆಡರೇಷನ್ ಮಾಡಿದ್ದು ಹೆಚ್ಚುಕಡಿಮೆ ಇದೇ. 2010ರಲ್ಲಿ ಆಟದ ವ್ಯಾಪಾರದ ಹಕ್ಕುಗಳನ್ನೆಲ್ಲ 15 ವರ್ಷಕ್ಕೆ, 700 ಕೋಟಿ ರೂಪಾಯಿಗೆ ಐಎಂಜಿ-ರಿಲಯನ್ಸ್ ಸಂಸ್ಥೆಗೆ ಒಪ್ಪಿಸಿತು. ಸೂಪರ್ ಲೀಗ್ ಹುಟ್ಟಿದ್ದೇ ಆ ಕರಾರಿನಿಂದ. ಕರಾರಿನ ಅವಧಿ 2025ರ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದಿನದು ಇತ್ಯರ್ಥವಾಗಲಿಲ್ಲ. ಆ ವರ್ಷದ ಜುಲೈನಲ್ಲಿ ಲೀಗನ್ನೇ ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳಿಗೂ ಹುಡುಗರ ಶಾಲೆಗಳಿಗೂ ಇದು ತಟ್ಟದೆಂದು ಅದೇ ಪ್ರಕಟಣೆಯಲ್ಲಿ ಹೇಳಿದರು. ಹನ್ನೆರಡು ವರ್ಷ ದೇಶಕ್ಕೆ ಮೇಲ್ಪಂಕ್ತಿಯಾಗಿದ್ದ ಕ್ಲಬ್ಬಿಗೆ ಒಂದು ಕರಾರು ಅನುಮಾನಕ್ಕೆ ಬಿದ್ದ ಕೂಡಲೇ ಈ ಗತಿ. 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು, ಫೆಬ್ರವರಿ 14ರಿಂದ ಲೀಗು ನಡೆಯುವುದೆಂದು ಪ್ರಕಟಿಸಿದ ಮೇಲೆಯೇ ಗೊಂದಲ ಕೊಂಚ ತಗ್ಗಿದ್ದು.

ಬೇರೆ ದಾರಿ ಇಲ್ಲವೇ ಎಂದು ಹುಡುಕುವಾಗ ಯೂರೋಪಿನ ಲಿಥುವೇನಿಯಾ ಕಣ್ಣಿಗೆ ಬಿತ್ತು. ಇಡೀ ದೇಶದ ಜನಸಂಖ್ಯೆ ಮೂವತ್ತು ಲಕ್ಷಕ್ಕೂ ಕಡಿಮೆ. ನಮ್ಮ ತುಮಕೂರು ಜಿಲ್ಲೆಯೊಂದರಲ್ಲೇ 2011ರ ಗಣತಿಯಂತೆ ಇಪ್ಪತ್ತಾರು ಮುಕ್ಕಾಲು ಲಕ್ಷ ಜನ. ಅಲ್ಲಿ ಜನರ ಪ್ರೀತಿಯೆಲ್ಲ ಬ್ಯಾಸ್ಕೆಟ್‌ಬಾಲಿಗೆ, ನಮ್ಮಲ್ಲಿ ಕ್ರಿಕೆಟ್ಟಿಗೆ ಇದ್ದ ಹಾಗೆ. ಆದರೂ ಒಂದು ಲಕ್ಷವೂ ಜನರಿಲ್ಲದ ಪನೆವೆಜಿಸ್ ಎಂಬ ಊರಿನಲ್ಲಿ 2015ರಲ್ಲಿ ಕಟ್ಟಿದ ಕ್ಲಬ್ಬು 2020ರಲ್ಲಿ ದೇಶದ ಕಪ್ಪನ್ನೂ 2023ರಲ್ಲಿ ದೇಶದ ಲೀಗನ್ನೂ ಗೆದ್ದಿತು. ಅಲ್ಲಿ ಕೆಳಗಿನ ದರ್ಜೆಯಲ್ಲಿ ಗೆದ್ದವನು ಮೇಲೆ ಹೋಗುತ್ತಾನೆ, ಸೋತವನು ಕೆಳಗಿಳಿಯುತ್ತಾನೆ. ನಮ್ಮ ಸೂಪರ್ ಲೀಗಿನಲ್ಲಿ ಮೊದಲ ಹತ್ತು ವರ್ಷ ಸೋತರೂ ಇಳಿಯುವ ಭಯವೇ ಇರಲಿಲ್ಲ. ಸಣ್ಣ ಊರಿಗೆ ಆ ಏಣಿ ಇರುವುದು ದೊಡ್ಡ ಮಾತು. ಇಲ್ಲದಿದ್ದರೆ ತುಮಕೂರಿಗೋ ಗುಬ್ಬಿಗೋ ಒಂದು ತಂಡ ಕಟ್ಟಿ ಯಾವ ಆಸೆಯಿಂದ ಆಡಿಸುವುದು?

ಕಾಫಿ ಸೀಮೆಯ ಬಂಧುಗಳು ಇದನ್ನು ಓದಿ ನಗಬಹುದು. ಅವರ ಕೊಡಗಿನಲ್ಲಿ 1997ರಿಂದ ಕುಟುಂಬ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ನಡೆದು ಬಂದಿದೆ. ವರ್ಷಕ್ಕೊಂದು ಮನೆತನ ಹೊಣೆ ಹೊರುತ್ತದೆ. ಮುನ್ನೂರಕ್ಕೂ ಹೆಚ್ಚು ತಂಡಗಳು ಆಡಿದ್ದುಂಟು. ಅಲ್ಲಿ ಒಡೆಯನೂ ಇಲ್ಲ, ಚೇಣಿದಾರನೂ ಇಲ್ಲ. ಸಂಬಳವೂ ಇಲ್ಲ ಎಂದು ನನ್ನ ಅಳಿಯ ಥಟ್ಟನೆ ಸೇರಿಸಿದ. ಅವನ ಮಾತೂ ಸರಿಯೇ. ಕಾಲ ಮೇಲೆ ಹೊಟ್ಟೆ ಹೊರೆಯಬೇಕಾದ ಹುಡುಗನಿಗೆ ತಿಂಗಳ ಕಡೆಗೆ ಕೈಗೆ ಹಣ ಬೇಕು.

ಅವನು ಈಗ ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುತ್ತಾನೆ. ಭಾನುವಾರ ನಮ್ಮೂರ ಕೆರೆಯ ಅಂಗಳದಲ್ಲಿ ಹದಿನೈದಿಪ್ಪತ್ತು ಹುಡುಗರನ್ನು ಸೇರಿಸಿ ಚೆಂಡು ಒದೆಸುತ್ತಾನೆ. ಅವರಲ್ಲಿ ಮೂವರು ಹುಡುಗಿಯರು. ಗೋಲಿನ ಕಂಬಕ್ಕೆ ನನ್ನ ತೋಟದಲ್ಲಿ ಬಿದ್ದ ಎರಡು ಅಡಿಕೆ ಮರಗಳನ್ನು ಒಯ್ದಿದ್ದಾನೆ. ಬಲೆಯ ಬದಲು ಹಳೆಯ ಸೊಳ್ಳೆಪರದೆ. ತೊಡಕು ಏನೆಂದರೆ, ಹೇಮಾವತಿ ನೀರು ಬಂದು ಕೆರೆ ತುಂಬಿದ ವರ್ಷ ಮೈದಾನ ಇರುವುದಿಲ್ಲ. ಕೆರೆ ತುಂಬದಿದ್ದರೆ ನಮ್ಮ ಕೊಳವೆಬಾವಿಗಳು ಬತ್ತುತ್ತವೆ. ಕಳೆದ ಸಲ ನೀರು ಬಂದಾಗ ನಾನು ಏರಿಯ ಮೇಲೆ ಪೂಜೆಗೆ ನಿಂತಿದ್ದೆ, ಅವನು ಮೊಣಕಾಲುದ್ದ ನೀರಿಗಿಳಿದು ಕಂಬ ಕೀಳುತ್ತಿದ್ದ.

ಮೊನ್ನೆ ಬಂದು ನನ್ನ ಕಣ ಕೇಳಿದ.

"ಮಾವ, ನಿಮ್ಮ ಅಡಿಕೆ ಕಣ ಎಂಟು ತಿಂಗಳು ಖಾಲಿ ಬಿದ್ದಿರ್ತದೆ. ಚಿಕ್ಕ ಮಕ್ಕಳಿಗೆ ಅಷ್ಟು ಜಾಗ ಸಾಕು."

"ಸಿಮೆಂಟು ನೆಲ ಕಣೋ, ಬಿದ್ರೆ ಮಂಡಿ ಕಿತ್ತು ಬರ್ತದೆ."

"ಬೀಳದ ಹಾಗೆ ಕಲಿಸ್ತೀನಿ."

ರಾಶಿ ಎತ್ತಿದ ಮೇಲೆ ನೋಡೋಣ ಎಂದಿದ್ದೇನೆ. ಮನೆಯಾಕೆ ಆಗಲೇ ಅವನಿಗೆ ಕಣದ ಬೀಗದ ಕೈ ಕೊಟ್ಟಿದ್ದಾಳೆಂದು ನಿನ್ನೆ ತಿಳಿಯಿತು.