ಕಾಣದವನು ಕೊಡುವ ಭಕ್ಷೀಸು

ಹೋಟೆಲಿನ ಮೇಜಿನ ಮೇಲೆ ಗಿರಾಕಿಯು ಇಟ್ಟು ಹೋಗುವ ಹತ್ತು ರೂಪಾಯಿಯ ಮರ್ಮವನ್ನು ನಮ್ಮ ವಾಚಕರಿಗೆ ನಾವು ಬಿಡಿಸಿ ಹೇಳಬೇಕಾದುದಿಲ್ಲ. ಅದರಲ್ಲಿ ಹಣವೂ ಇದೆ, ‘ನಿನ್ನ ದುಡಿಮೆಯನ್ನು ಕಂಡೆನಪ್ಪಾ’ ಎಂಬ ಮಾತೂ ಇದೆ. ಆ ಮಾತು ಇಲ್ಲದೆ ಬರೀ ಹಣ ಬಂದರೆ ಏನಾದೀತು ಎಂಬ ಪ್ರಶ್ನೆಯು ಈಚೆಗೆ ನಮ್ಮೆದುರು ಬಂದಿತು.

ಮೊನ್ನೆ ಅಂಬಲಮುಗಳಿನಲ್ಲಿ, ತೈಲ ಶುದ್ಧೀಕರಣ ಕಾರ್ಖಾನೆಯ ಪಾಳಿ ಬಿಟ್ಟ ಹೊತ್ತಿನಲ್ಲಿ, ಚಹಾ ಕುಡಿಯುತ್ತಿದ್ದ ನಮ್ಮವನೇ ಆದ ಗುಮಾಸ್ತ ತರುಣನೊಬ್ಬನು ಮಾತಿಗೆ ತೊಡಗಿದನು. ಕಾಕ್ಕನಾಡಿನ ಬಹುಮಹಡಿ ಮನೆಗಳಲ್ಲಿ ನಾಯಿ ಸಾಕಿದವರಿಗೆ ಅದನ್ನು ತಿರುಗಾಡಿಸಲು ಪುರುಸೊತ್ತಿಲ್ಲ. ಅದಕ್ಕೆಂದು ಜನವನ್ನು ಗೊತ್ತುಮಾಡುತ್ತಾರೆ. ಹಾಗೆ ತಿರುಗಾಡಿಸುವವನಿಗೆ ಅಂಕ ಕೊಡುವ ಕೆಲಸವನ್ನೂ ಭಕ್ಷೀಸು ಕೊಡುವ ಕೆಲಸವನ್ನೂ ಇನ್ನು ಮುಂದೆ ಯಂತ್ರಕ್ಕೇ ಒಪ್ಪಿಸಬಹುದಂತೆ. “ದಣಿಗಳೇ, ನೋಡದವನು ಕೊಟ್ಟದ್ದು ಭಕ್ಷೀಸಾದೀತೇ?” ಎಂದು ಅವನು ಕೇಳಿದನು. ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಅಮೆರಿಕ ದೇಶದಲ್ಲಿ ನಾಯಿ ತಿರುಗಾಡಿಸುವುದು ದೊಡ್ಡದೊಂದು ವ್ಯಾಪಾರವೇ ಆಗಿದೆ. ಸಿಯಾಟಲ್ ನಗರದಲ್ಲಿ 2011ರಲ್ಲಿ ಸ್ಥಾಪನೆಯಾದ ರೋವರ್, ಅನಂತರ ಬಂದ ವ್ಯಾಗ್ ಮೊದಲಾದ ಸಂಸ್ಥೆಗಳು ಫೋನಿನ ಮೂಲಕವೇ ಜನವನ್ನು ಒದಗಿಸುತ್ತವೆ. ನಡೆದ ದಾರಿಯ ನಕ್ಷೆ, ಕಳೆದ ನಿಮಿಷಗಳು, ನಾಯಿಯ ಚಿತ್ರ, ಇವೆಲ್ಲ ಯಜಮಾನನ ಫೋನಿಗೆ ಬರುತ್ತವೆ; ಅವನು ಐದಕ್ಕೆ ಇಷ್ಟು ನಕ್ಷತ್ರವೆಂದು ಗುರುತಿಟ್ಟು, ಮನಸ್ಸಿದ್ದರೆ ಭಕ್ಷೀಸು ಕೊಡುತ್ತಾನೆ. ಎಐ ಏಜೆಂಟ್ ಎಂಬುದು ಇದರ ಮುಂದಿನ ಮೆಟ್ಟಿಲು. ಅದನ್ನು ಯಂತ್ರ ಗುಮಾಸ್ತನೆಂದು ಕರೆಯೋಣ. ‘ನನ್ನ ಪರವಾಗಿ ವರದಿ ನೋಡು, ಅಂಕ ಹಾಕು, ಇಷ್ಟರೊಳಗೆ ಭಕ್ಷೀಸು ಕೊಡು’ ಎಂದು ಒಮ್ಮೆ ಅಪ್ಪಣೆಯಾದರೆ ಅದು ತಾನೇ ತೀರ್ಮಾನಿಸಿ ನಡೆಸುತ್ತದೆ. ಇದು ದೂರದ ಕಥೆಯೂ ಅಲ್ಲ. 2025ರ ಅಕ್ಟೋಬರಿನಲ್ಲಿ ನಮ್ಮ ರಾಷ್ಟ್ರೀಯ ಪಾವತಿ ನಿಗಮವು ರೇಜರ್‌ಪೇ ಮತ್ತು ಓಪನ್‌ಎಐ ಸಂಸ್ಥೆಗಳೊಡನೆ ಸೇರಿ, ಚಾಟ್‌ಜಿಪಿಟಿಯ ಸಂಭಾಷಣೆಯೊಳಗಿಂದಲೇ ಯುಪಿಐ ಮೂಲಕ ಹಣ ಸಲ್ಲಿಸುವ ಪ್ರಯೋಗವನ್ನು ಪ್ರಕಟಿಸಿತು. ಥೈಲಿಯ ದಾರವು ಯಂತ್ರದ ಕೈಗೆ ಬರತೊಡಗಿದೆ.

ಯಂತ್ರವನ್ನು ನಾವು ಸುಮ್ಮನೆ ಹಳಿಯುವವರಲ್ಲ. ಯಜಮಾನನು ಮರೆತಾನು, ಯಂತ್ರವು ಮರೆಯದು. ಸಂಜೆಯ ಭಕ್ಷೀಸು ಸಂಜೆಗೇ ಸಲ್ಲುತ್ತದೆ. ಆದರೆ ಅದು ಅಳೆಯುವುದು ನಿಮಿಷ ಮತ್ತು ಗಜಗಳನ್ನು. ಮುದಿ ನಾಯಿಯೊಂದು ಕಾಲು ನೋವಿನಿಂದ ಕುಂಟುತ್ತಿದೆಯೆಂದು ಎಣಿಸಿರಿ. ಕರುಣೆಯುಳ್ಳವನು ಅದನ್ನು ಎಳೆಯದೆ, ಮರದ ನೆರಳಿನಲ್ಲಿ ಕೂರಿಸಿ, ನೀರು ಕುಡಿಸಿ, ಅರ್ಧ ದಾರಿಯಿಂದಲೇ ಮೆಲ್ಲನೆ ಮನೆಗೆ ತರುತ್ತಾನೆ. ನಕ್ಷೆಯಲ್ಲಿ ಗೆರೆಯು ಗಿಡ್ಡವಾಗುತ್ತದೆ, ನಕ್ಷತ್ರವೊಂದು ಉದುರುತ್ತದೆ. ನಿರ್ದಯನಾಗಿ ಪೂರ್ತಿ ದಾರಿ ಎಳೆದವನಿಗೆ ಐದಕ್ಕೆ ಐದು! ನಾಯಿಗೆ ಬಾಯಿಲ್ಲ, ಯಂತ್ರಕ್ಕೆ ಕಣ್ಣಿಲ್ಲ. ಸಾಕ್ಷಿ ಹೇಳುವವರು ಯಾರು?

ಈ ತಪ್ಪನ್ನು ಯಂತ್ರವೇ ಮಾಡಬೇಕೆಂದಿಲ್ಲ, ನಾವೂ ಮಾಡಿದ್ದೇವೆ. ನಾವು ಗಲ್ಲಾದಲ್ಲಿ ಕುಳಿತಿದ್ದ ಕಾಲದಲ್ಲಿ ಖಾಯಂ ಗಿರಾಕಿಯೊಬ್ಬರು ಒಬ್ಬ ಮಾಣಿಯ ಮೇಜಿನಲ್ಲಿ ಭಕ್ಷೀಸು ಇಡುವುದನ್ನು ನಿಲ್ಲಿಸಿದರು; ದೋಸೆ ತಣ್ಣಗಿದೆಯೆಂದು ಮೂರು ಸಲ ದೂರಿದರು. ನಾವು ಹುಡುಗನನ್ನು ಒಂದು ಮಾತೂ ಕೇಳದೆ ತಟ್ಟೆ ತೊಳೆಯುವಲ್ಲಿಗೆ ಹಾಕಿದೆವು. ಹತ್ತು ದಿನಗಳ ಮೇಲೆ ತಿಳಿಯಿತು, ದೋಸೆ ಕಾವಲಿಯ ಕೆಳಗಿನ ಬರ್ನರು ಕಟ್ಟಿಕೊಂಡಿತ್ತು ಎಂದು. ದೋಷವು ನಮ್ಮದು, ದಂಡವು ಅವನದು. ಹತ್ತು ದಿನದ ಭಕ್ಷೀಸಿನ ಹಣವನ್ನು ಲೆಕ್ಕ ಹಾಕಿ ಕೊಟ್ಟೆವು. ಗಿರಾಕಿಗಳೆದುರು ಅವನು ತಗ್ಗಿಸಿದ ತಲೆಗೆ ಬೆಲೆ ಕಟ್ಟಲು ನಮ್ಮಿಂದಾಗಲಿಲ್ಲ. ಆ ಹುಡುಗನಿಗಾದರೋ ನಮ್ಮ ಮುಖವು ಎದುರಿಗಿತ್ತು. ಯಂತ್ರದಿಂದ ನಕ್ಷತ್ರ ಕಳೆದುಕೊಂಡವನು ಯಾರ ಮುಖ ನೋಡಬೇಕು?

ಇದು ಬೆರಳೆಣಿಕೆಯ ಜನರ ಮಾತಲ್ಲ. ಫೋನಿನ ಮೂಲಕ ಕೆಲಸ ಪಡೆಯುವವರನ್ನೂ ಒಳಗೊಂಡ ಗಿಗ್ ಕಾರ್ಮಿಕರು ದೇಶದಲ್ಲಿ 2020-21ರಲ್ಲಿ 77 ಲಕ್ಷ ಮಂದಿ ಇದ್ದರೆಂದೂ, 2029-30ಕ್ಕೆ 2.35 ಕೋಟಿ ಆಗುವರೆಂದೂ ನೀತಿ ಆಯೋಗವು 2022ರ ವರದಿಯಲ್ಲಿ ಅಂದಾಜು ಮಾಡಿದೆ. ಕರ್ನಾಟಕ ಸರಕಾರವು ಇಂತಹವರಿಗಾಗಿ 2025ರಲ್ಲಿ ಕಾನೂನು ಮಾಡಿ, ಅಂಕ ಕೊಡುವ ಪದ್ಧತಿಯನ್ನು ಕೆಲಸಗಾರನಿಗೆ ತಿಳಿಸಬೇಕೆಂದೂ, ಲಿಖಿತ ಕಾರಣ ಮತ್ತು 14 ದಿನಗಳ ಮುನ್ಸೂಚನೆಯಿಲ್ಲದೆ ಅವನನ್ನು ತೆಗೆಯಬಾರದೆಂದೂ ವಿಧಿಸಿತು. ಊರಿನ ಕಾನೂನು ಗಡಿ ದಾಟಿ ಅಂಬಲಮುಗಳಿನವರೆಗೆ ಬಾರದು. ಅದರ ನ್ಯಾಯವಾದರೋ ಎಲ್ಲೆಡೆಗೂ ಸಲ್ಲತಕ್ಕದ್ದು. ಅದೇ ವರ್ಷದ ಮೇ ತಿಂಗಳಲ್ಲಿ ಕೇಂದ್ರ ಸಚಿವ ಪ್ರಹ್ಲಾದ ಜೋಶಿಯವರು, ಬಾಡಿಗೆ ಕಾರಿನವರು ಸವಾರಿಗೆ ಮೊದಲೇ ಭಕ್ಷೀಸು ಕೇಳುವ ಕ್ರಮವನ್ನು ಅನೈತಿಕವೆಂದು ಖಂಡಿಸಿದರು. ಕೆಲಸಕ್ಕೆ ಮುಂಚೆ ಕೇಳಿದ್ದು ಭಕ್ಷೀಸಲ್ಲವಾದರೆ, ಕೆಲಸವನ್ನು ಕಾಣದೆ ಕೊಟ್ಟದ್ದೂ ಪೂರ್ಣ ಭಕ್ಷೀಸಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಯಂತ್ರ ಗುಮಾಸ್ತನು ಲೆಕ್ಕ ಬರೆಯಲಿ, ನೆನಪು ಮಾಡಲಿ, ತೀರ್ಪು ಮನುಷ್ಯನದಾಗಿರಲಿ. ನಕ್ಷತ್ರ ಕಳೆಯುವ ಮುನ್ನ ಕಾರಣ ತಿಳಿಸಿ, ಕೆಲಸಗಾರನ ಉತ್ತರವನ್ನು ಒಬ್ಬ ಮನುಷ್ಯನು ಕೇಳಲಿ. ಭಕ್ಷೀಸು ಇಡಿಯಾಗಿ ದುಡಿದವನ ಕೈಸೇರಲಿ. ಅದನ್ನು ತೋರಿಸಿ ಸಂಬಳವನ್ನು ಯಾರೂ ಕಡಿಮೆ ಮಾಡದಿರಲಿ. ಈ ಕಡೆಯ ಮಾತು ನಮ್ಮ ಹೋಟೆಲು ಮಾಲಿಕ ಬಂಧುಗಳಿಗೂ ಅನ್ವಯಿಸುತ್ತದೆ.

ತರುಣನ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಕೊಡುತ್ತೇವೆ: ತಮ್ಮಾ, ನೋಡದವನು ಕೊಟ್ಟದ್ದು ಹಣವೇ ಸರಿ, ಬೇಡವೆನ್ನಬೇಡ. ಆದರೆ ನಿನಗೆ ಚಹಾ ತಂದಿಟ್ಟವನ ಮುಖವನ್ನು ನೀನಾದರೂ ಒಮ್ಮೆ ನೋಡಿ ಎದ್ದು ಹೋಗು.