ಅಲ್ಲಿಯೇ ನಿಲ್ಲಿಸಿ!

ಸಂಗೀತಗಾರನಿಗೆ ಅರುವತ್ತು ತುಂಬಿದ ಮೇಲೆಯೂ ಕಚೇರಿಯುಂಟು. ಕಂಠ ಕೊಂಚ ಒರಟಾದರೂ ಮನೋಧರ್ಮ ಮಾಗಿರುತ್ತದೆಂದು ರಸಿಕರು ಕಿವಿಗೊಡುತ್ತಾರೆ. ಕವಿಗಂತೂ ಮುಪ್ಪೇ ಒಂದು ಕಾವ್ಯವಸ್ತು. ಆಟಗಾರನ ಪಾಡು ಬೇರೆ. ಮೂವತ್ತು ದಾಟುವಷ್ಟರಲ್ಲಿ ಬೆನ್ನು, ಮೊಣಕಾಲುಗಳು ತಕರಾರು ತೆಗೆಯುತ್ತವೆ. ಉಳಿದವರು ತಮ್ಮ ವೃತ್ತಿಯಲ್ಲಿ ನೆಲೆಯೂರುವ ವಯಸ್ಸಿಗೆ ಅವನು ನಿವೃತ್ತನಾಗಿರುತ್ತಾನೆ. ಮೈ ಕಲಿತ ವಿದ್ಯೆಯನ್ನು ಮೈ ಸೋತ ಮೇಲೆ ಏನು ಮಾಡುವುದು? ಕೆನಡಾ ದೇಶದ ಹೋವಿ ಮೀಕರರು ಈ ಪ್ರಶ್ನೆಗೆ ಕಂಡುಕೊಂಡ ಉತ್ತರ ಸ್ವಾರಸ್ಯವಾದುದು.

ಮೀಕರರ ಆಟ ಐಸ್ ಹಾಕಿ. ನಾವು ಬಲ್ಲ ಹಾಕಿಗೂ ಇದಕ್ಕೂ ಹೆಸರಿನ ನಂಟು, ಕೋಲಿನ ನಂಟು. ಮಿಕ್ಕುದು ಬಹುಪಾಲು ಬೇರೆ. ಹುಲ್ಲಿನ ಬದಲು ಮಂಜುಗಡ್ಡೆಯ ಅಂಗಳ. ಚೆಂಡಿನ ಬದಲು ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪದ ಕರಿಯ ರಬ್ಬರಿನ ಬಿಲ್ಲೆ. ಕಾಲಿಗೆ ಉಕ್ಕಿನ ಅಲಗಿನ ಸ್ಕೇಟು. ಪಕ್ಷವೊಂದಕ್ಕೆ ಗೋಲು ಕಾಯುವವನೂ ಸೇರಿ ಆರು ಜನ. ಇಪ್ಪತ್ತಿಪ್ಪತ್ತು ನಿಮಿಷಗಳ ಮೂರು ಭಾಗ, ನಡುವೆ ಎರಡು ವಿರಾಮ. ದಣಿವು ಎಷ್ಟೆಂದರೆ ಆಟಗಾರನು ಒಂದು ನಿಮಿಷದೊಳಗಾಗಿ ಬೆಂಚಿಗೆ ಮರಳುತ್ತಾನೆ. ಆಟ ನಡೆಯುತ್ತಿರುವಂತೆಯೇ ಮತ್ತೊಬ್ಬನು ಅಂಗಳಕ್ಕೆ ಧುಮುಕುತ್ತಾನೆ. ಈ ವೇಗವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕತೆಯೆಲ್ಲ ಅದರ ಮೇಲೆಯೇ ನಿಂತಿದೆ.

ಮೀಕರರು ಹುಟ್ಟಿದ್ದು 1923ರಲ್ಲಿ, ಆಂಟೇರಿಯೋ ಪ್ರಾಂತದ ಕಿಚನರ್ ಊರಿನಲ್ಲಿ. ಎರಡನೆಯ ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಿ, ತರಬೇತಿಯ ವೇಳೆ ಕೈಬಾಂಬು ಸಿಡಿದು ಕಾಲುಗಳಿಗೆ ಬಲವಾದ ಗಾಯವಾಯಿತು. ಅಂಥ ಕಾಲುಗಳಲ್ಲೇ ಅವರು 1946ರಲ್ಲಿ ಟೊರಾಂಟೋ ಮೇಪಲ್ ಲೀಫ್ಸ್ ತಂಡವನ್ನು ಸೇರಿದರು. ಮರುವರ್ಷದ ಜನವರಿ 8ರಂದು ಷಿಕಾಗೋ ತಂಡದ ಎದುರು ಒಂದೇ ಪಂದ್ಯದಲ್ಲಿ ಐದು ಗೋಲು ಹೊಡೆದರು. ಆ ಋತುವಿನ ಅತ್ಯುತ್ತಮ ಹೊಸ ಆಟಗಾರನಿಗೆ ಸಲ್ಲುವ ಕ್ಯಾಲ್ಡರ್ ಪಾರಿತೋಷಕ ಅವರದಾಯಿತು. ಮುಂದೆ ಜಗದ್ವಿಖ್ಯಾತನಾದ ಗಾರ್ಡಿ ಹೋವ್ ಕೂಡ ಅದೇ ಋತುವಿನಲ್ಲಿ ಹೊಸಬನಾಗಿ ಕಣಕ್ಕಿಳಿದಿದ್ದನೆಂದರೆ ಆ ಗೌರವದ ತೂಕ ತಿಳಿದೀತು. ಆ ಆಟದ ಪರಮ ಪದವಿಯಾದ ಸ್ಟಾನ್ಲಿ ಕಪ್ಪು ಅವರ ತಂಡಕ್ಕೆ ನಾಲ್ಕು ಬಾರಿ ಸಂದಿತು. ಆಡುತ್ತಿರುವಾಗಲೇ, 1951ರಲ್ಲಿ, ಉಪಚುನಾವಣೆಯಲ್ಲಿ ಗೆದ್ದು ಎರಡು ವರ್ಷ ಕೆನಡಾದ ಪಾರ್ಲಿಮೆಂಟಿನ ಸದಸ್ಯರೂ ಆಗಿದ್ದರು. 1954ರ ಹೊತ್ತಿಗೆ, ಮೂವತ್ತರ ಪ್ರಾಯದಲ್ಲಿ, ಆ ಮೊದಲ ಬಾಳು ಮುಗಿಯಿತು.

ಎರಡನೆಯ ಬಾಳು ತರಬೇತುದಾರನದು. ಆರಂಭವೇನೋ ಶುಭವಾಗಿಯೇ ಇತ್ತು: 1955ರಲ್ಲಿ ಅವರ ಶಿಕ್ಷಣದಲ್ಲಿ ಪಿಟ್ಸ್‌ಬರ್ಗ್ ಹಾರ್ನೆಟ್ಸ್ ತಂಡವು ಎರಡನೆಯ ದರ್ಜೆಯ ಲೀಗಿನ ಪ್ರಶಸ್ತಿಯನ್ನು ಗೆದ್ದಿತು. ಮರುವರ್ಷ ಟೊರಾಂಟೋದಿಂದಲೇ ಕರೆ ಬಂದಿತು. ತಾನು ಆಡಿದ ತಂಡಕ್ಕೆ ತಾನೇ ಗುರುವಾಗುವುದಕ್ಕಿಂತ ದೊಡ್ಡ ಭಾಗ್ಯವುಂಟೆ? ಆದರೆ 1956-57ರ ಋತುವಿನ 70 ಪಂದ್ಯಗಳಲ್ಲಿ ಗೆದ್ದದ್ದು 21, ಸೋತದ್ದು 34, ಸಮವಾದದ್ದು 15. ಆರು ತಂಡಗಳಲ್ಲಿ ಐದನೆಯ ಸ್ಥಾನ. ಅವರನ್ನು ಬಡ್ತಿಯೆಂಬಂತೆ ತಂಡದ ವ್ಯವಸ್ಥಾಪಕರನ್ನಾಗಿ ಮಾಡಿ, ಹೊಸ ಋತು ತೊಡಗುವ ಮುನ್ನವೇ ಮನೆಗೆ ಕಳುಹಿಸಲಾಯಿತು.

ಇಲ್ಲಿ ನಿಂತು ಯೋಚಿಸಬೇಕಾದ ಮಾತೊಂದಿದೆ. ಐಸ್ ಹಾಕಿಯ ತರಬೇತುದಾರನು ಬೆಂಚಿನ ಹಿಂದೆ ನಿಂತು ನೋಡುವ ಆಟ ಅವನ ಮಾತಿಗೆ ಕಾಯುವುದಿಲ್ಲ. ತಪ್ಪು ಕಣ್ಣಿಗೆ ಬೀಳುವುದರೊಳಗೆ ಬಿಲ್ಲೆ ಅಂಗಳದ ಇನ್ನೊಂದು ತುದಿಯಲ್ಲಿರುತ್ತದೆ. ಬಲ್ಲವನಿಗೆ ಹೇಳಲು ನೂರು ಮಾತುಂಟು, ಹೇಳುವ ಹೊತ್ತು ಮಾತ್ರವಿಲ್ಲ. ಮೀಕರರಿಗೆ ದೊರೆಯಬೇಕಾದದ್ದು ಇನ್ನೂ ದೊಡ್ಡ ತಂಡವಲ್ಲ, ಆಟವನ್ನು ತಡೆದು ನಿಲ್ಲಿಸುವ ಶಕ್ತಿ. ಅದು ದೊರೆಯಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಆ ನಡುಗಾಲವನ್ನು ಅವರು ಕಳೆದದ್ದು ಕೆನಡಾದ ಮೂಡಣ ಅಂಚಿನ ನ್ಯೂಫೌಂಡ್‌ಲ್ಯಾಂಡಿನಲ್ಲಿ. ಅಲ್ಲಿ ಅವರ ಶಿಷ್ಯರಲ್ಲಿ ಹುಡುಗರಿದ್ದರು. ಪಳಗಿದ ಆಟಗಾರನಿಗೆ ‘ಮುಂದೆ ನುಗ್ಗು’ ಎಂದರೆ ಸಾಕು. ಹತ್ತು ವರ್ಷದ ಹುಡುಗನಿಗೆ ಮೊಣಕಾಲು ಎಷ್ಟು ಬಾಗಿರಬೇಕು, ದೇಹದ ಭಾರ ಯಾವ ಅಲಗಿನ ಮೇಲೆ ಬೀಳಬೇಕು, ಕಣ್ಣು ಬಿಲ್ಲೆಯ ಮೇಲಿರಬೇಕೋ ಗೆಳೆಯನ ಮೇಲಿರಬೇಕೋ, ಎಲ್ಲವನ್ನೂ ಬಿಡಿಸಿ ಹೇಳಬೇಕು. ಮೈಯಲ್ಲಿ ಹುದುಗಿದ್ದ ವಿದ್ಯೆ ಮಾತಾಗಿ ಹೊರಬರುವುದು ಇಂಥ ಶಿಷ್ಯರ ಮುಂದೆಯೇ ಅಲ್ಲವೆ?

1960ರ ದಶಕದ ಕೊನೆಯಲ್ಲಿ, ದೇಶವೆಲ್ಲ ಶನಿವಾರದ ರಾತ್ರಿ ಕಾದು ನೋಡುತ್ತಿದ್ದ ‘ಹಾಕಿ ನೈಟ್ ಇನ್ ಕೆನಡಾ’ ಪ್ರಸಾರಕ್ಕೆ ಅವರು ಬಂದರು. ಅದಕ್ಕೆ ಮೊದಲು ಈ ಆಟದ ವಾಣಿಯೆಂದರೆ ಫಾಸ್ಟರ್ ಹೆವಿಟ್. 1923ರಿಂದ ರೇಡಿಯೋದಲ್ಲಿ ಆಟ ನಡೆದಂತೆ ಬಣ್ಣಿಸುತ್ತ ಬಂದ ಮಹನೀಯರು. ನಮ್ಮ ಕಾವ್ಯವಾಚನದ ಪರಿಭಾಷೆಯಲ್ಲಿ ಹೇಳುವುದಾದರೆ ಹೆವಿಟ್ಟರು ಗಮಕಿ, ಮೀಕರರು ವ್ಯಾಖ್ಯಾನಕಾರರು. ಗಮಕಿ ನಿಲ್ಲಿಸಿದಲ್ಲಿ ವ್ಯಾಖ್ಯಾನ ತೊಡಗುವಂತೆ, ಆಟದ ವಿರಾಮದಲ್ಲಿ ಮೀಕರರ ಪಾಠ ತೊಡಗುತ್ತಿತ್ತು. ಆಗತಾನೇ ನಡೆದ ಆಟದ ಚಿತ್ರ ತೆರೆಯ ಮೇಲೆ ಮತ್ತೆ ಓಡುತ್ತಿರುವಾಗ, ಕೀರಲು ದನಿಯಲ್ಲಿ ‘ಅಲ್ಲಿಯೇ ನಿಲ್ಲಿಸಿ!’ ಎಂದು ಕೂಗುವರು, ‘ಹಿಂದಕ್ಕೆ ತಿರುಗಿಸಿ!’ ಎನ್ನುವರು. ನಿಂತ ಚಿತ್ರದ ಮೇಲೆ ಟೆಲಿಸ್ಟ್ರೇಟರ್ ಎಂಬ ಸಾಧನದಿಂದ ಗೆರೆ ಎಳೆದು, ಸುತ್ತು ಹಾಕಿ ತೋರಿಸುವರು. ಬಿಲ್ಲೆ ಗೋಲಿನೊಳಗೆ ಹೋದಾಗ ನೋಡುವವರೆಲ್ಲ ಗೋಲು ಕಾಯುವವನನ್ನು ಬೈಯುತ್ತಾರೆ. ಚಿತ್ರವನ್ನು ಹಿಂದಕ್ಕೆ ತಿರುಗಿಸಿದರೆ, ಅದಕ್ಕೂ ಮುನ್ನ ತನ್ನ ಜಾಗ ಬಿಟ್ಟು ಹೋದವನೊಬ್ಬ ಸಿಕ್ಕಿಬೀಳುತ್ತಾನೆ. ಬೆಂಚಿನ ಹಿಂದೆ ದೊರೆಯದ ಹೊತ್ತು ಅವರಿಗೆ ಇಲ್ಲಿ ದೊರೆಯಿತು.

ಹೀಗೆ ತಡೆದು ಬಿಡಿಸಿದರೆ ರಸಭಂಗವಾಗದೆ ಎಂದು ಕೇಳಬಹುದು. ಆಗುವುದುಂಟು. ಎಲ್ಲರೂ ಮೆಚ್ಚಿದರೆಂದೂ ಹೇಳುವಂತಿಲ್ಲ. ಹೆಸರಾಂತ ಆಟಗಾರನ ಸೋಮಾರಿತನವನ್ನು ದೇಶದ ಮುಂದೆ ಗೆರೆ ಎಳೆದು ತೋರಿಸುವವನು ಯಾರಿಗೆ ಪ್ರಿಯನಾದಾನು? ಆದರೆ ಅವರ ಟೀಕೆಗೆ ಒಂದು ಗುರಿಯಿತ್ತು. 1972ರಲ್ಲಿ ಕೆನಡಾದ ವೃತ್ತಿಪರ ತಂಡವು ಸೋವಿಯತ್ ತಂಡದೊಡನೆ ಎಂಟು ಪಂದ್ಯಗಳನ್ನಾಡಿತು. ಎಲ್ಲವನ್ನೂ ಗೆಲ್ಲುವೆವೆಂಬ ಹೆಮ್ಮೆ ಮಾಂಟ್ರಿಯಲ್ಲಿನ ಮೊದಲ ಪಂದ್ಯದಲ್ಲೇ 7-3ರಿಂದ ಮುರಿಯಿತು. ಕೊನೆಗೆ ಕೆನಡಾ ನಾಲ್ಕು ಗೆದ್ದು, ಮೂರು ಸೋತು, ಒಂದನ್ನು ಸಮ ಮಾಡಿಕೊಂಡು, ಕಡೆಯ ಪಂದ್ಯದ ಕಡೆಯ ನಿಮಿಷದ ಗೋಲಿನಿಂದ ಮಾನ ಉಳಿಸಿಕೊಂಡಿತು. ತಮ್ಮ ಆಟವನ್ನು ಪರರು ತಮಗಿಂತ ಶಿಸ್ತಾಗಿ ಕಲಿತಿದ್ದಾರೆಂಬ ಸತ್ಯ ಅಂದು ದೇಶದ ಕಣ್ಣಿಗೆ ಬಿತ್ತು. ಮಕ್ಕಳಿಗೆ ಪಂದ್ಯ ಹೆಚ್ಚು, ಅಭ್ಯಾಸ ಕಡಿಮೆ. ಗುದ್ದಾಟ ಬರುತ್ತದೆ, ಸ್ಕೇಟಿಂಗೂ ಬಿಲ್ಲೆ ಸಾಗಿಸುವುದೂ ಬರುವುದಿಲ್ಲ ಎಂಬುದೇ ಮೀಕರರ ಕೊರಗಾಗಿತ್ತು. 1973ರಲ್ಲಿ ಅವರ ಪಾಠಗಳ ಪುಸ್ತಕ ಹೊರಬಂದಿತು. ಅದೇ ವರ್ಷ ಕೆನಡಾದ ಟೆಲಿವಿಷನ್ನಿನಲ್ಲಿ ‘ಹೋವಿ ಮೀಕರರ ಹಾಕಿ ಶಾಲೆ’ ಆರಂಭವಾಗಿ, 1977ರವರೆಗೆ ನಡೆಯಿತು. ಮಂಜಿನ ಮೇಲೆ ಮಕ್ಕಳನ್ನು ನಿಲ್ಲಿಸಿಕೊಂಡು, ಬೀಳುವುದನ್ನೂ ಏಳುವುದನ್ನೂ ಮೊದಲಿನಿಂದ ಕಲಿಸಿದ ಕಾಲು ಗಂಟೆಯ ಪಾಠಗಳವು.

1998ರಲ್ಲಿ ಅವರಿಗೆ ಪ್ರಸಾರಕರಿಗೆ ಮೀಸಲಾದ ಪ್ರಶಸ್ತಿ ದೊರೆಯಿತು. ಆ ಪ್ರಶಸ್ತಿ ಫಾಸ್ಟರ್ ಹೆವಿಟ್ಟರ ಹೆಸರಿನದು. ವ್ಯಾಖ್ಯಾನಕಾರನಿಗೆ ಗಮಕಿಯ ಹೆಸರಿನ ಸನ್ಮಾನ! 2010ರಲ್ಲಿ ಆರ್ಡರ್ ಆಫ್ ಕೆನಡಾ ಗೌರವವೂ ಸಂದಿತು. 2020ರ ನವೆಂಬರ್ 8ರಂದು, 97 ತುಂಬಿದ ನಾಲ್ಕು ದಿನಗಳ ಮೇಲೆ, ಅವರು ಕಾಲವಾದರು.

ಅಂಗಳದಲ್ಲಿ ಅವರು ಕಳೆದದ್ದು ಎಂಟೇ ವರ್ಷ. ಗುರುವಾಗಿ ಟೊರಾಂಟೋದಲ್ಲಿ ಉಳಿದದ್ದು ಒಂದೇ ಋತು. ಆದರೆ ಒಂದು ತಲೆಮಾರಿನ ಹುಡುಗರು ತಪ್ಪು ಹೆಜ್ಜೆ ಇಟ್ಟಾಗಲೆಲ್ಲ ಆ ಕೀರಲು ದನಿಯನ್ನು ಮನಸ್ಸಿನಲ್ಲಿ ಕೇಳಿಕೊಂಡು ತಿದ್ದಿಕೊಂಡಿದ್ದರೆ, ಮೈ ಕಲಿತ ವಿದ್ಯೆ ಮೈಯೊಡನೆ ಸೋಲಲಿಲ್ಲವೆಂದೇ ಹೇಳಬೇಕು.